ದಾರ ಹಿಡಿದು ಅಳೆದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ

ಮಗಳ ಬಾಣಂತನಕ್ಕೆ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೆವು. ಟಿಕೆಟ್ ನೋಡಿ ನಮ್ಮ ಮನೆಯವರು, "ಮಧ್ಯಾಹ್ನ ಎರಡೂವರೆಗೆ ಹೊರಟು ಅದೇ ದಿನ ಸಂಜೆ ಐದೂವರೆಗೆ ಇಳೀತೀವಿ. ಮೂರೇ ಗಂಟೆ ಕಣೇ!" ಎಂದರು. ಅವರಿಗೆ ತಮಾಷೆ. ನನಗೆ ಬಿಪಿ ಮಾತ್ರೆಯ ಚಿಂತೆ: ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ವಿಮಾನದಲ್ಲಿ ಎಂಟು ಯಾವಾಗ?

ಮೂವತ್ತು ವರ್ಷ ಗಣಿತ ಪಾಠ ಮಾಡಿದವಳು, ಸುಮ್ನೆ ಕೂರಲಿಲ್ಲ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟೆ. ಆಫ್ರಿಕಾ, ಅಟ್ಲಾಂಟಿಕ್ ದಾಟಿ ಅಳೆದರೆ 22,000 ಕಿ.ಮೀ. ಮೀರಿತು. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಯಾವ ಎರಡು ಊರಿನ ನಡುವೆಯೂ ಅದರ ಅರ್ಧಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ, ಅಲ್ವಾ? ಚಪ್ಪಟೆ ಭೂಪಟ ನಂಬಿದ್ದೇ ತಪ್ಪು.

ಅಟ್ಟದಿಂದ ಮಗಳ ಹಳೆಯ ಗ್ಲೋಬ್ ಇಳಿಸಿದೆ. 20 ಸೆಂ.ಮೀ. ಅಗಲದ್ದು. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು 637 ಕಿ.ಮೀ. ಹೂ ಕಟ್ಟುವ ದಾರವನ್ನು ಎರಡು ಊರಿನ ನಡುವೆ ಬಿಗಿಯಾಗಿ ಎಳೆದೆ. ದಾರ ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ. ಹಿಮಾಲಯ, ಮಂಗೋಲಿಯಾ, ಸೈಬೀರಿಯಾ ಹತ್ತಿ, ಅಲಾಸ್ಕಾ ಕಡೆಯಿಂದ ಇಳಿಯಿತು! ಉದ್ದ 22 ಸೆಂ.ಮೀ., ಅಂದರೆ 14,000 ಕಿ.ಮೀ. ಆಮೇಲೆ ಅಕ್ಷಾಂಶ, ರೇಖಾಂಶ ಹಾಕಿ ಕ್ಯಾಲ್ಕುಲೇಟರ್‌ನಲ್ಲಿ ಮಾಡಿದರೆ ಎರಡು ಊರಿನ ನಡುವೆ ಭೂಮಿಯ ಕೇಂದ್ರದಲ್ಲಾಗುವ ಕೋನ 125.8 ಡಿಗ್ರಿ ಬಂತು. ಡಿಗ್ರಿಗೆ 111.2ರಂತೆ 13,989 ಕಿ.ಮೀ. ದಾರ ಮೋಸ ಮಾಡಿರಲಿಲ್ಲ.

ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಹಾಗಾಗಿ ಹದಿನೈದೂವರೆ ಗಂಟೆ. ರನ್‌ವೇವರೆಗಿನ ತೆವಳಾಟ, ಏರುವುದು, ಇಳಿಯುವುದು ಎಲ್ಲಾ ಸೇರಿ ಇನ್ನೊಂದು ಗಂಟೆ. ಟಿಕೆಟ್ ಲೆಕ್ಕವೂ ಕೂಡಿತು: ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಅದಕ್ಕೆ ಮೂರು ಸೇರಿಸಿದರೆ ಹದಿನಾರೂವರೆ. ಬೇಸಿಗೆಯಲ್ಲಾದರೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ.

ನನ್ನ ವಾಚನ್ನು ಬೆಂಗಳೂರಿನ ಸಮಯದಲ್ಲೇ ಬಿಟ್ಟೆ. ರಾತ್ರಿಯ ಮಾತ್ರೆ ಹೊರಟು ಐದೂವರೆ ಗಂಟೆಯಾದ ಮೇಲೆ. ಬೆಳಗಿನದು ಇಳಿದ ಮೇಲೆ.

ವಿಮಾನ ಮಾತ್ರ ನನ್ನ ದಾರದ ಮೇಲೆ ಹಾರಲಿಲ್ಲ. ಪರದೆಯಲ್ಲಿ ನೋಡಿದರೆ ಬಂಗಾಳ ಕೊಲ್ಲಿ, ಚೀನಾ, ಜಪಾನ್, ಪೆಸಿಫಿಕ್. ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ವಿಮಾನ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಜೊತೆಗೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ಬೆನ್ನಿಗೆ ಸಿಕ್ಕರೆ ಸುತ್ತು ದಾರಿಯೂ ಬೇಗ ಮುಗಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನೇರ ವಿಮಾನ ಶುರುಮಾಡಿದಾಗ ಅಲ್ಲಿಂದ ಇಲ್ಲಿಗೆ ಬಂದ ಮೊದಲ ಹಾರಾಟ ಉತ್ತರ ಧ್ರುವದ ಮೇಲೇ ಹಾದು ಬಂದಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಂಗಸರೇ. ಆ ದಾರಿಯಲ್ಲಿ ಹೋಗುವ ಆಸೆ ನನಗಿನ್ನೂ ಇದೆ.

ಫೆಬ್ರುವರಿ ಕೊನೆಗೆ ವಾಪಸ್ ಹೊರಟಾಗ ಹದಿನೇಳೂವರೆ ಗಂಟೆ. ಸೋಮವಾರ ರಾತ್ರಿ ಎಂಟೂವರೆಗೆ ಹತ್ತಿ ಬುಧವಾರ ಬೆಳಗಿನ ಜಾವ ಮೂರೂವರೆಗೆ ದೇವನಹಳ್ಳಿಯಲ್ಲಿ ಇಳಿದೆವು. ತಲುಪಿದೆವು ಅಂತ ಮಗಳಿಗೆ ಫೋನ್ ಮಾಡಿದರೆ, ಅಲ್ಲಿನ್ನೂ ಮಂಗಳವಾರ ಮಧ್ಯಾಹ್ನ. ಮಗುವಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು.