ಜಿಪ್ಸಿಯ ಪೈಪಿಗೆ ತೂತು ಎಲ್ಲಿ ಕೊರೆಯಬೇಕು?

ನನ್ನ ಹತ್ತಿರ 1997ರ ಜಿಪ್ಸಿ ಇದೆ. 1.3 ಲೀಟರ್ ಇಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡಲು ಕಾರ್ಬ್ಯುರೇಟರ್ ಇರುವ ಗಾಡಿ. ಚಾರ್ಮಾಡಿ ಇಳಿದು ಉಜಿರೆ ಕಡೆ ಹೋದರೆ ಚೆನ್ನಾಗಿ ಎಳೆಯುತ್ತದೆ. ವಾಪಸ್ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಮಂಕಾಗುತ್ತದೆ. ಚಿಕ್ಕಮಗಳೂರು ದಾಟಿ ಮುಳ್ಳಯ್ಯನಗಿರಿ ಕಡೆ ತಿರುಗಿಸಿದರಂತೂ ಹಿಂದೆ ಬರುವವರಿಗೆಲ್ಲ ಪೆಟ್ರೋಲ್ ವಾಸನೆ.

ಕಾರಣ ಗೊತ್ತಿರುವುದೇ. ಮೇಲೆ ಹೋದಷ್ಟೂ ಗಾಳಿ ತೆಳು. ಕಾರ್ಬ್ಯುರೇಟರ್ ಆ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ ಮಾಡುವುದಿಲ್ಲ. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ. ಅಲ್ಲಿ ಮಿಶ್ರಣ ಸಮುದ್ರಮಟ್ಟಕ್ಕಿಂತ ಸುಮಾರು 9% ರಿಚ್, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ, ಆಗಿರುತ್ತದೆ. ಇನ್ನೊಂದು ಕಡೆ ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಅದು ಮಿಶ್ರಣವನ್ನು ಲೀನ್ ಕಡೆಗೆ, ಅಂದರೆ ಗಾಳಿ ಜಾಸ್ತಿ ಆಗುವ ಕಡೆಗೆ, ಎಳೆಯುತ್ತದೆ. ಒಂದು ಹೀಗೆ ಎಳೆದರೆ ಇನ್ನೊಂದು ಹಾಗೆ. ನಮ್ಮ ಮೇಸ್ತ್ರಿ ಪ್ಲಗ್ ಬಿಚ್ಚಿ ಬಣ್ಣ ನೋಡಿ ಹೇಳುತ್ತಾರೆ. ಅವರ ಕಣ್ಣು ಬಲು ಚುರುಕು. ಆದರೆ ಮೂರನೇ ಗೇರ್‌ನಲ್ಲಿ ಘಾಟಿ ಹತ್ತುವಾಗ ಒಳಗೆ ಏನಾಗುತ್ತಿದೆ ಅಂತ ಪ್ಲಗ್ ಹೇಳುವುದಿಲ್ಲ, ಅಲ್ವಾ? ಅದಕ್ಕೇ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ತರಿಸಿದೆ. ಹೊಗೆಯಲ್ಲಿರುವ ಆಕ್ಸಿಜನ್ ನೋಡಿ ಮಿಶ್ರಣ ಹೇಗಿದೆ ಅಂತ ಹೇಳುವ ಸಾಧನ, ಹೊಗೆ ಪೈಪಿಗೆ ತೂತು ಕೊರೆದು ಕೂರಿಸಬೇಕು. ಬಾಷ್ ಎಲ್‌ಎಸ್‌ಯು 4.9, ಜೊತೆಗೊಂದು ಕಂಟ್ರೋಲರ್ ಮತ್ತು ಡ್ಯಾಶ್‌ಬೋರ್ಡ್ ಮೇಲೆ ಕೂರಿಸುವ ಗೇಜ್.

ಗೇಜ್ ಬಗ್ಗೆ ಮೊದಲೇ ಒಂದು ಮಾತು. ಅದನ್ನು ಲ್ಯಾಂಬ್ಡಾಗೆ ಇಟ್ಟುಕೊಳ್ಳಿ. 1 ಅಂದರೆ ಸರಿಯಾಗಿ ಸುಡುವಷ್ಟು ಗಾಳಿ, ಅದಕ್ಕಿಂತ ಕಡಿಮೆ ತೋರಿಸಿದರೆ ರಿಚ್, ಜಾಸ್ತಿ ತೋರಿಸಿದರೆ ಲೀನ್. ಒಂದು ಕಿಲೋ ಪೆಟ್ರೋಲ್ ಸುಡಲು 14.7 ಕಿಲೋ ಗಾಳಿ ಅನ್ನುವ ಸಂಖ್ಯೆ ಎಥನಾಲ್ ಇಲ್ಲದ ಪೆಟ್ರೋಲ್‌ನದು. ಈಗಿನ ಪೆಟ್ರೋಲ್‌ಗೆ ಅದು 13.5ರ ಹತ್ತಿರ. ಲ್ಯಾಂಬ್ಡಾ 1 ಆದಾಗ ಗೇಜ್ ಮಾತ್ರ ಸುಮ್ನೆ 14.7 ಅಂತಲೇ ತೋರಿಸುತ್ತಿರುತ್ತದೆ.

ಸೆನ್ಸರ್ ಬಂದ ದಿನ ಮೇಸ್ತ್ರಿ ಪೆಟ್ಟಿಗೆ ತಿರುಗಿಸಿ ನೋಡಿ, "ಎಲ್ಲಾದ್ರೂ ಒಂದು ತೂತು ಹಾಕಿದ್ರೆ ಆಯ್ತಲ್ಲ ಸಾರ್?" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ತೂತನ್ನೂ ಕೊರೆಯಲಿಲ್ಲ. ಸೈಲೆನ್ಸರ್ ಬಾಯಿಗೆ ಒಂದು ತುಂಡು ಪೈಪ್ ಕ್ಲ್ಯಾಂಪ್ ಮಾಡಿ, ಅದರಲ್ಲಿ ಸೆನ್ಸರ್ ಕೂರಿಸಿ, ವೈರನ್ನು ಹಿಂದಿನ ಬಾಗಿಲಿನಿಂದ ಒಳಗೆ ತಂದೆ. ಐಡಲ್‌ನಲ್ಲಿ ಗೇಜ್ 1.12 ತೋರಿಸಿತು. ಅಯ್ಯೋ, ಇಷ್ಟೊಂದು ಲೀನಾ ಅಂತ ಪೆಟ್ರೋಲ್ ಹೆಚ್ಚಿಸಲು ಐಡಲ್ ಸ್ಕ್ರೂ ಬಿಚ್ಚುತ್ತಾ ಹೋದೆ. 1.05ಕ್ಕೆ ಬಂತು. ಖುಷಿಯಾಯಿತು. ನಾಲ್ಕು ದಿನ ಕಳೆದು ಪ್ಲಗ್ ಬಿಚ್ಚಿದರೆ ನಾಲ್ಕಕ್ಕೂ ಕಾಡಿಗೆ ಹಚ್ಚಿದ ಹಾಗೆ ಮಸಿ.

ಆದದ್ದು ಇಷ್ಟು. ಹೊಗೆ ಪೈಪಿನಲ್ಲಿ ನಲ್ಲಿ ನೀರಿನ ಹಾಗೆ ಒಂದೇ ಸಮ ಹರಿಯುವುದಿಲ್ಲ, ಬಡಿದು ಬಡಿದು ಬರುತ್ತದೆ. ಎರಡು ಬಡಿತದ ನಡುವೆ ಪೈಪಿನ ಬಾಯಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಐಡಲ್‌ನಲ್ಲಿ ಹೊಗೆಯ ಒತ್ತಡವೇ ಕಡಿಮೆ, ಹಾಗಾಗಿ ಅಲ್ಲಿ ಇದು ಜಾಸ್ತಿ. ಸೆನ್ಸರ್ ಆ ಗಾಳಿಯ ಆಕ್ಸಿಜನ್ನನ್ನೂ ಎಣಿಸಿ ಲೀನ್ ಅನ್ನುತ್ತದೆ. ಸೆನ್ಸರ್‌ನದು ತಪ್ಪಲ್ಲ. ಅದರ ಮೂಗಿಗೆ ಬಂದದ್ದನ್ನು ಅದು ಹೇಳಿತು. ಬೇರೆ ದಾರಿಯೇ ಇಲ್ಲದೆ ಬಾಯಿಗೇ ಹಾಕಬೇಕಾದರೆ ಐಡಲ್ ಸಂಖ್ಯೆಯನ್ನು ಪೂರ್ತಿ ಮರೆತುಬಿಡಿ.

ಎರಡನೇ ಸಲ ನಿಜವಾಗಿ ತೂತು ಕೊರೆಸಿದೆ. ಜಾಕ್ ಎತ್ತಿದ ಕೂಡಲೇ ಕೈಗೆ ಸಿಗುವ ಜಾಗ ಅಂತ, ಇಂಜಿನ್ ಕಡೆಯಿಂದ ಕೆಳಗಿಳಿಯುವ ಡೌನ್‌ಪೈಪಿನ ಫ್ಲ್ಯಾಂಜ್ (ಮುಂದಿನ ಪೈಪಿಗೆ ಬೋಲ್ಟ್ ಹಾಕಿ ಸೇರಿಸುವ ಅಂಚು) ದಾಟಿದ ಮೇಲೆ, ಪೈಪ್ ಸ್ವಲ್ಪ ತಗ್ಗಿದ ಕಡೆ, ಪಕ್ಕಕ್ಕೆ. ಪೂರ್ತಿ ಪಕ್ಕಕ್ಕೂ ಅಲ್ಲ, ಚೂರು ಕೆಳಮುಖ. ಪೈಪಿನ ದುಂಡನ್ನು ಗಡಿಯಾರ ಅಂದುಕೊಂಡರೆ, ನೆತ್ತಿ 12 ಆದರೆ, ಇದು 4 ಗಂಟೆ. ಅಂದರೆ ಸೆನ್ಸರ್‌ನ ವೈರ್ ಕೆಳಗೆ, ಮೂಗು ಮೇಲೆ. ವೆಲ್ಡಿಂಗ್ ಮಾಡಲು ಸಲೀಸಾಯಿತು, ಪೈಪ್ ಇಳಿಸುವ ಕೆಲಸವೂ ಉಳಿಯಿತು.

ಆರು ವಾರ ಚೆನ್ನಾಗಿತ್ತು. ಜುಲೈನ ಒಂದು ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದೆ, ಗೇಜ್‌ನಲ್ಲಿ ಸಂಖ್ಯೆಯ ಬದಲು ಎರರ್. ಸೆನ್ಸರ್ ಬಿಚ್ಚಿ ಅಂಗೈ ಮೇಲೆ ಬೋರಲು ಹಾಕಿ ತಟ್ಟಿದೆ. ತೂತಿನ ಟೋಪಿಯೊಳಗಿಂದ ಕಪ್ಪು ನೀರು ನಾಲ್ಕು ಹನಿ ಬಿತ್ತು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ.

ಪೆಟ್ರೋಲ್ ಸುಟ್ಟರೆ ನೀರೂ ಹುಟ್ಟುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಬಾಯಿಂದ ತೊಟ್ಟಿಕ್ಕುವುದು ಅದೇ. ತಗ್ಗಿನಲ್ಲಿ ಆ ನೀರು ನಿಲ್ಲುತ್ತದೆ, ಮೂಗು ಮೇಲಾಗಿದ್ದರೆ ಸೆನ್ಸರ್ ಒಳಗೇ ಇಳಿಯುತ್ತದೆ. ಒಳಗಿರುವುದು ಪಿಂಗಾಣಿಯಂಥ ಸೆರಾಮಿಕ್. ಅದರ ಹೀಟರ್ ಅದನ್ನು 780 ಡಿಗ್ರಿಗೆ ಕಾಯಿಸುತ್ತದೆ. ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ, ಚಟ್ ಅಂತ ಒಡೆಯುತ್ತದೆ. ನಾನು ಹೀಟರ್ ವೈರನ್ನು ನೇರ ಇಗ್ನಿಷನ್‌ಗೆ ಕೊಟ್ಟಿದ್ದೆ. ಕೀಲಿ ತಿರುಗಿಸಿದ ಕ್ಷಣದಿಂದ ಅದು ಕಾಯಲು ಶುರು, ಪೈಪಿನಲ್ಲಿ ನೀರು ಹಾಗೇ ಇದೆ. ಆ ಸೆನ್ಸರ್ ದುಡ್ಡಿಗೆ ಒಂದು ಒಳ್ಳೆ ಟೈರ್ ಬರುತ್ತಿತ್ತು.

ಮೂರನೇ ಸಲ ಟೇಪ್ ಹಿಡಿದು ಗಾಡಿ ಕೆಳಗೆ ಮಲಗಿದೆ. ಮಧ್ಯಾಹ್ನ ಪೂರ್ತಿ ಅಲ್ಲೇ ಹೋಯಿತು.

ಮೇಲಿನ ಮಿತಿ ಬಿಸಿಯದು. ಈ ಸೆನ್ಸರ್ 930 ಡಿಗ್ರಿಯ ಹೊಗೆ ತಡೆಯುತ್ತದೆ, ಆದರೆ ಸ್ಪ್ಯಾನರ್ ಹಾಕುವ ಆರು ಮೂಲೆಯ ಜಾಗ 600 ಡಿಗ್ರಿ ದಾಟಬಾರದು. ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್ ಪಕ್ಕದಲ್ಲೇ ಹಾಕಿದರೆ ಘಾಟಿಯಲ್ಲಿ ಅದು ಬೆಂದುಹೋಗುತ್ತದೆ. ನಾಲ್ಕೂ ಸಿಲಿಂಡರ್‌ನ ಹೊಗೆ ಕೂಡಿ ಕಲೆತ ಮೇಲಿನ ಜಾಗವೇ ಬೇಕು. ಇಲ್ಲದಿದ್ದರೆ ಯಾವುದೋ ಒಂದು ಸಿಲಿಂಡರ್ ಹೇಳಿದ್ದನ್ನೇ ಇಡೀ ಇಂಜಿನ್ನಿನ ಮಾತು ಅಂತ ನಂಬುತ್ತೇವೆ. ಕೆಳಗಿನ ಮಿತಿ ನೀರಿನದು: ದೂರ ಹೋದಷ್ಟೂ ಪೈಪ್ ತಣ್ಣಗೆ, ನೀರು ಜಾಸ್ತಿ, ಜೊತೆಗೆ ಗೇಜ್ ಹೇಳುವುದೂ ತಡ. ಟರ್ಬೊ ಇಲ್ಲದ ಇಂಜಿನ್‌ಗೆ ಹೊಗೆ ಇಂಜಿನ್ ಬಿಟ್ಟು ಹೊರಬರುವ ಎಕ್ಸಾಸ್ಟ್ ಪೋರ್ಟ್‌ನಿಂದ ಒಂದೂವರೆ ಅಡಿಯಾದರೂ ಬಿಡಬೇಕು. ಎರಡು, ಎರಡೂವರೆ ಅಡಿ ಆರಾಮ. ಟರ್ಬೊ ಗಾಡಿಯಾದರೆ ಟರ್ಬೊ ದಾಟಿದ ಮೇಲೆಯೇ, ಅದಕ್ಕೂ ಮುಂಚಿನ ಒತ್ತಡ ಸಂಖ್ಯೆಯನ್ನೇ ಕೆಡಿಸುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದಕ್ಕಿಂತ ಮುಂಚೆ. ನನ್ನ ಗಾಡಿಯಲ್ಲಿ ಎರಡೂ ಇಲ್ಲ.

ಪೋರ್ಟ್‌ನಿಂದ 26 ಇಂಚಿಗೆ, ಫ್ಲ್ಯಾಂಜ್‌ಗಿಂತ ಮುಂಚೆ, ಒಂದು ನೇರ ತುಂಡು ಸಿಕ್ಕಿತು. ಈಗ ಗಡಿಯಾರದ ಪ್ರಶ್ನೆ. 10ರಿಂದ 2ರ ನಡುವೆ ಎಲ್ಲಿದ್ದರೂ ಸರಿ, ಮೂಗು ಕೆಳಗಾಗುತ್ತದೆ, ನೀರು ತಾನಾಗಿ ಇಳಿದುಹೋಗುತ್ತದೆ. ಬಾಷ್‌ನವರ ಕಾಗದದಲ್ಲಿ ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲೆ ಅಂತಿದೆ. ಅದು ಕೊನೆಯ ಅಂಚು, ಅಲ್ಲಿಗೇ ಹೋಗಿ ನಿಲ್ಲುವ ಅಗತ್ಯ ಇಲ್ಲ. 12ಕ್ಕೆ ಹಾಕೋಣ ಅಂದರೆ ಮೇಲೆ ತಗಡು ಅಡ್ಡ. ವೈರ್ ಬಾಗಲು ಜಾಗವಿಲ್ಲ, ಮೇಲೇಳುವ ಬಿಸಿಯೆಲ್ಲ ವೈರ್‌ನ ಬುಡಕ್ಕೇ. ಸತ್ತ ಸೆನ್ಸರನ್ನು ಪೈಪಿಗೆ ಒತ್ತಿ ಹಿಡಿದು ತಿರುಗಿಸುತ್ತಾ ಬಂದೆ. 1 ಗಂಟೆಯಲ್ಲಿ ತಗಡಿಗೆ ಮೂರು ಬೆರಳು ಬಿಡುವು ಸಿಕ್ಕಿತು. ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಕೂಡ ದೂರ. ಹಳ್ಳ ದಾಟುವಾಗ ಕೆಳಗಿಂದ ಎರಚುವ ನೀರಿಗೂ ಪೈಪೇ ಅಡ್ಡ.

ವೆಲ್ಡಿಂಗ್‌ಗೆ ಈ ಸಲ ಪೈಪ್ ಇಳಿಸಿಯೇ ಕೊಟ್ಟೆ. 18 ಮಿಲಿಮೀಟರ್, 1.5 ಪಿಚ್‌ನ ನಟ್ಟನ್ನು ಲೇತ್‌ನಲ್ಲಿ ಮಾಡಿಸಿದ್ದೆ. ಬರೀ ನಟ್ಟನ್ನೇ ವೆಲ್ಡ್ ಮಾಡಿದರೆ ಬಿಸಿಗೆ ಥ್ರೆಡ್ ಸೊಟ್ಟಗಾಗುತ್ತದೆ. ಅದಕ್ಕೆ ಸತ್ತ ಸೆನ್ಸರನ್ನೇ ಒಳಗೆ ತಿರುಗಿಸಿ ಇಟ್ಟು, ನಾಲ್ಕು ಕಡೆ ಟ್ಯಾಕ್ ಹಾಕಿ, ಆರಲು ಬಿಟ್ಟು, ಆಮೇಲೆ ಸುತ್ತಲೂ ಹಾಕಿಸಿದೆ. ಟೈರ್ ದುಡ್ಡು ಅಷ್ಟಾದರೂ ವಸೂಲಾಯಿತು. ಹೊಸದಕ್ಕೆ ಥ್ರೆಡ್‌ಗೆ ಮಾತ್ರ ಕಚ್ಚಿಕೊಳ್ಳದಿರಲು ಹಚ್ಚುವ ಪೇಸ್ಟ್, ಮೂಗಿಗೆ ತಾಗಿಸಬಾರದು. ಮಾಮೂಲಿ ಸಿಲಿಕೋನ್ ಗಮ್ ಆ ಪೈಪಿನ ಹತ್ತಿರವೂ ಬೇಡ, ಅದರ ಹೊಗೆಗೇ ಸೆನ್ಸರ್ ಹಾಳಾಗುತ್ತದೆ. ವೈರ್ ತುದಿಯ ಕನೆಕ್ಟರ್ ದಪ್ಪ ಇದೆ, ಗಾಡಿಯ ತಳದ ತೂತಲ್ಲಿ ಹೋಗುವುದಿಲ್ಲ ಅಂತ ಕತ್ತರಿಸಬೇಡಿ. ಆ ಸೆನ್ಸರ್‌ಗೇ ಅಂತ ಅಳೆದು ಹಾಕಿದ ರೆಸಿಸ್ಟರ್ ಅದರೊಳಗಿದೆ. ನಾನು ಗೇರ್ ಲಿವರ್‌ನ ರಬ್ಬರ್ ಬಿಚ್ಚಿ ಅಲ್ಲಿಂದ ಒಳಗೆ ತಂದೆ.

ಹೀಟರ್‌ಗೆ ಈಗ ಬೇರೆ ಸ್ವಿಚ್. ಇಂಜಿನ್ ಸ್ಟಾರ್ಟ್ ಆಗಿ ಒಂದು ನಿಮಿಷ ಬಿಟ್ಟು ಹಾಕುತ್ತೇನೆ. ಹಾಕುವುದನ್ನೇ ಮರೆತು ದಿನವಿಡೀ ಓಡಿಸಿದರೂ ಕಷ್ಟ, ತಣ್ಣಗಿರುವ ಸೆನ್ಸರ್‌ಗೆ ಮಸಿ ಕಟ್ಟುತ್ತದೆ.

ಎಲ್ಲ ಮುಗಿಸಿ ಐಡಲ್ ಬಿಟ್ಟರೆ 0.97. ಪ್ಲಗ್ ಇನ್ನೂ ಕಪ್ಪಗಿದೆ, ಈ ಸಂಖ್ಯೆ ಒಪ್ಪುವಂತಿಲ್ಲ. ಮೇಸ್ತ್ರಿ ಸೈಲೆನ್ಸರ್ ಬಾಯಿಗೆ ಒದ್ದೆ ಗೋಣಿಚೀಲ ಒತ್ತಿ ಹಿಡಿದರು, ನಾನು ಸೋಪಿನ ನೀರು ಹಚ್ಚುತ್ತಾ ಬಂದೆ. ಮ್ಯಾನಿಫೋಲ್ಡ್ ಮತ್ತು ಡೌನ್‌ಪೈಪ್ ಸೇರುವ ಕಡೆ ಗುಳ್ಳೆ ಎದ್ದಿತು. ಸೆನ್ಸರ್‌ಗಿಂತ ಮುಂಚೆ ಎಲ್ಲಿ ಸಂದಿದ್ದರೂ ಸೈಲೆನ್ಸರ್ ಬಾಯಲ್ಲಿ ಆದ ಕಥೆಯೇ ಇಲ್ಲೂ. ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ 0.88. ಸ್ಕ್ರೂ ಅದೇ, ಪೆಟ್ರೋಲ್ ಅದೇ. ಅಲ್ಲಿಂದ ಸ್ಕ್ರೂ ಬಿಗಿ ಮಾಡುತ್ತಾ 0.95ಕ್ಕೆ ತಂದೆ, ಐಡಲ್ ನಯವಾಯಿತು.

ಮುಂದಿನ ಭಾನುವಾರ ಚಾರ್ಮಾಡಿ. ಕೆಳಗೆ ಕಾಲು ಭಾಗ ಆಕ್ಸಿಲರೇಟರ್‌ಗೆ 0.94 ಇತ್ತು. ಕೊಟ್ಟಿಗೆಹಾರದಲ್ಲಿ ಅಷ್ಟೇ ಒತ್ತಿದರೆ 0.90. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಒಂದು ಸೈಜ್ ಚಿಕ್ಕದು ಹಾಕಿದ್ದೇನೆ. ಮಂಗಳೂರಿಗೆ ಹೋಗುವಾಗ ಚೂರು ಲೀನ್ ಆಗುತ್ತದೆ, ಆಗಲಿ. ನಾನಿರುವುದು ಮೇಲೆ.

ಹಳೆಯ ತೂತಿಗೆ ಬೋಲ್ಟ್ ಹಾಕಿ ಮುಚ್ಚಿದ್ದೇನೆ. ಅದು ಸೆನ್ಸರ್‌ಗಿಂತ ಹಿಂದೆ, ಸ್ವಲ್ಪ ಸೋರಿದರೂ ಲೆಕ್ಕ ಕೆಡುವುದಿಲ್ಲ. ಬೆಳಗ್ಗೆ ಗಾಡಿ ತೆಗೆದ ಮೇಲೆ ಅಂಗಳದಲ್ಲಿ ಅದರ ನೇರಕ್ಕೆ ಒಂದು ಕಪ್ಪು ಹನಿ ಬಿದ್ದಿರುತ್ತದೆ.