ನೀರುಳ್ಳಿಯ ನೀರು, ಪಚ್ಚಿಲೆಯ ನೀರು: ಕಾಸರಗೋಡಿನ ಮನೆಯಲ್ಲಿ ಬಿಸ್ಟ್ರೋ ಊಟ

ಪಟ್ಟಣದ ದುಬಾರಿ ಫ್ರೆಂಚ್ ಬಿಸ್ಟ್ರೋಗಳಲ್ಲಿ ನೀರುಳ್ಳಿ ಸೂಪು, ಬಟಾಟೆ ಫ್ರೈ ಜೊತೆಗೆ ಒಂದು ಪಾತ್ರೆ ಪಚ್ಚಿಲೆ (ಮಸ್ಸೆಲ್ ಎನ್ನುವ ಕಡಲ ಚಿಪ್ಪು), ಕೊನೆಗೆ ಕ್ಯಾರಮೆಲ್ ಕಸ್ಟರ್ಡ್ ಬಡಿಸುತ್ತಾರೆ. ಚೀಸ್ ಮತ್ತು ವೈನ್ ಬಿಟ್ಟರೆ ಇದರಲ್ಲಿ ನಮ್ಮ ಸಂತೆಯಲ್ಲಿ ಸಿಗದ್ದು ಏನೂ ಇಲ್ಲ. ಬಿಸ್ಟ್ರೋ ಅಂದರೆ ಮೂಲದಲ್ಲಿ ಬಡವರ ಊಟದಂಗಡಿಯೇ. ಪ್ಯಾರಿಸಿನ ಲೇ ಆಲ್ ಮಾರುಕಟ್ಟೆ 1969ರಲ್ಲಿ ರಂಜಿಸ್‌ಗೆ ಹೋಗುವ ತನಕ ಅಲ್ಲಿ ರಾತ್ರಿ ಮೂಟೆ ಹೊರುವವರು ಬೆಳಗಿನ ಜಾವ ಕುಡಿಯುತ್ತಿದ್ದದ್ದು ಇದೇ ನೀರುಳ್ಳಿ ಸೂಪು. ಬಿಸ್ಟ್ರೋ ಅಡುಗೆಗೆ ದೊಡ್ಡ ಹೋಟೆಲಿನ ಕೈಕಸುಬು ಸೇರಿದ್ದು ಈಚೆಗೆ: ಪ್ಯಾರಿಸಿನ ಕ್ರಿಯೋಂ ಹೋಟೆಲಿನಲ್ಲಿ ಪಳಗಿದ ಬಾಣಸಿಗ ಈವ್ ಕಾಂಡ್‌ಬೋರ್ಡ್ 1992ರಲ್ಲಿ ಲಾ ರೆಗಲಾದ್ ಎಂಬ ಬಿಸ್ಟ್ರೋ ತೆರೆದ ಮೇಲೆ.

ಎರಡು ಒಲೆಯ ಗ್ಯಾಸಿನಲ್ಲಿ, ನಾಲ್ಕು ಜನರಿಗೆ ಈ ಊಟವನ್ನು ನಾನು ಮಾಡುವ ಕ್ರಮ ಇಲ್ಲಿದೆ. ಕರಾವಳಿಯಲ್ಲಿ ಇದು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ನೀರು. ಎಲ್ಲಿ ಅದನ್ನು ಓಡಿಸಬೇಕು, ಎಲ್ಲಿ ಹಿಡಿದಿಡಬೇಕು ಎಂದು ಗೊತ್ತಾದರೆ ಮುಕ್ಕಾಲು ಕೆಲಸ ಆದಂತೆ.

ಸೂಪಿನಿಂದ ಶುರು. ನಾಲ್ಕು ಜನಕ್ಕೆ ಸಿಪ್ಪೆ ತೆಗೆದ ನೀರುಳ್ಳಿ 1 ಕಿಲೋ, ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಉಪ್ಪು ಒಂದು ಸಣ್ಣ ಚಮಚ, ಮೈದಾ ಒಂದು ದೊಡ್ಡ ಚಮಚ, ಮೂಳೆ ಸಾರು 1.2 ಲೀಟರ್. ಹೆಸರಲ್ಲೇ ನೀರಿರುವ ತರಕಾರಿ ಇದು. ಹತ್ತರಲ್ಲಿ ಒಂಬತ್ತು ಪಾಲಿನಷ್ಟು ನೀರೇ. ಒಂದು ಕಿಲೋ ಕೊನೆಗೆ ಮುನ್ನೂರು ಗ್ರಾಂಗೂ ಕಮ್ಮಿ ಆಗಬೇಕು. ಬೇಸಗೆಯಲ್ಲಿ ಕಿತ್ತು ಶೇಖರಿಸಿದ, ಸಿಪ್ಪೆ ಕಾಗದದಂತೆ ಸದ್ದು ಮಾಡುವ ನೀರುಳ್ಳಿ ಆರಿಸಿ. ಅಕ್ಟೋಬರ್-ನವೆಂಬರಿನಲ್ಲಿ ಬರುವ ಮಳೆಗಾಲದ ಬೆಳೆ ಹಸಿಯಾಗಿರುತ್ತದೆ. ಅದಕ್ಕೆ ಇನ್ನೊಂದು ಕಾಲು ಗಂಟೆ ಹೆಚ್ಚು ಬೇಕು, ರುಚಿಯೂ ಅಷ್ಟು ದಪ್ಪ ಬರುವುದಿಲ್ಲ.

ಬುಡದಿಂದ ತುದಿಗೆ, 3 ಮಿ.ಮೀ. ದಪ್ಪಕ್ಕೆ ಹೆಚ್ಚಬೇಕು. ಅಡ್ಡಕ್ಕೆ ಹೆಚ್ಚಿದರೆ ಎಳೆ ಕರಗಿ ಗಂಜಿಯಾಗುತ್ತದೆ. ದಪ್ಪ ತಳದ ಅಗಲ ಪಾತ್ರೆಯಲ್ಲಿ ಬೆಣ್ಣೆ, ನೀರುಳ್ಳಿ, ಉಪ್ಪು ಒಟ್ಟಿಗೆ ಹಾಕಿ ಮುಚ್ಚಿ ಒಲೆಯ ಮೇಲೆ ಹತ್ತು ನಿಮಿಷ ಇಡಿ. ಉಪ್ಪು ನೀರನ್ನು ಎಳೆಯುತ್ತದೆ, ರಾಶಿ ಕುಸಿಯುತ್ತದೆ. ಆಮೇಲೆ ಮುಚ್ಚಳ ತೆಗೆದರೆ ಮತ್ತೆ ಮುಚ್ಚುವಂತಿಲ್ಲ. ಮೊದಲ ಇಪ್ಪತ್ತು ನಿಮಿಷ ಏನೂ ಆಗದಂತೆ ಕಾಣುತ್ತದೆ. ನೀರು ಇರುವ ತನಕ ಪಾತ್ರೆಯ ಬಿಸಿ ನೂರು ಡಿಗ್ರಿ ದಾಟುವುದಿಲ್ಲ, ನೂರು ಡಿಗ್ರಿಯಲ್ಲಿ ನೀರುಳ್ಳಿ ಸರಿಯಾಗಿ ಕೆಂಪಾಗುವುದೂ ಇಲ್ಲ. ಇಲ್ಲಿ ತಾಳ್ಮೆ ತಪ್ಪಿ ಉರಿ ಜಾಸ್ತಿ ಮಾಡುವವರೇ ಹೆಚ್ಚು. ಗ್ಯಾಸಿನ ಉರಿ ಬಳೆಯ ಆಕಾರದಲ್ಲಿ ಸುಡುವುದರಿಂದ ನಡುವೆ ಬಿಳಿ, ಸುತ್ತ ಕರಿ ಆಗುತ್ತದೆ. ನಾನು ಪಾತ್ರೆಯ ಅಡಿಗೆ ಹಳೆಯ ಕಬ್ಬಿಣದ ದೋಸೆ ಕಾವಲಿ ಇಡುತ್ತೇನೆ, ಬಿಸಿ ಎಲ್ಲ ಕಡೆ ಹರಡುತ್ತದೆ.

ನೀರು ಹೋದ ಮೇಲೆ ತಳದಲ್ಲಿ ಕಂದು ಪದರ ಹಿಡಿಯಲು ಶುರು. ಎರಡು ಚಮಚ ನೀರು ಚಿಮುಕಿಸಿ ಮರದ ಸಟ್ಟುಗದಿಂದ ಕೆರೆದು ನೀರುಳ್ಳಿಗೇ ಸೇರಿಸಿ. ಆರಲಿ, ಮತ್ತೆ ಹಿಡಿಯಲಿ, ಮತ್ತೆ ಕೆರೆಯಿರಿ. ಐದಾರು ಸಲ ಹೀಗೆ ಆದರೆ ಹಳೆ ಬೆಲ್ಲದ ಬಣ್ಣ ಬರುತ್ತದೆ. ಒಟ್ಟು 50ರಿಂದ 60 ನಿಮಿಷ. ಹದಿನೈದು ನಿಮಿಷದಲ್ಲಿ ಆಗುತ್ತದೆ ಎಂದು ಬರೆಯುವವರನ್ನು ನಂಬಬೇಡಿ. ಅಡಿಗೆ ಸೋಡಾ ಹಾಕಿದರೆ ಬಣ್ಣ ಬೇಗ ಬರುವುದು ನಿಜ, ಆದರೆ ಎಳೆ ಲೋಳೆಯಾಗುತ್ತದೆ.

ಈಗ ಮೈದಾ ಹಾಕಿ ಎರಡು ನಿಮಿಷ ಬಾಡಿಸಿ, ಸಿಹಿಯಿಲ್ಲದ ವೈನ್ 100 ಮಿ.ಲೀ. ಅಥವಾ ಒಂದು ಚಮಚ ವಿನೆಗರ್ ಹಾಕಿ, ಸಾರು ಸುರಿದು ಅರ್ಧ ಗಂಟೆ ಸಣ್ಣಗೆ ಕುದಿಸಿ. ಸಾರಿಗೆ ನಾನು ಹಿಂದಿನ ದಿನವೇ ಒಂದು ಕಿಲೋ ಕೋಳಿ ಮೂಳೆಯನ್ನು ಕೆಂಪಗೆ ಹುರಿದು, ಎರಡೂವರೆ ಲೀಟರ್ ನೀರಲ್ಲಿ ಸಣ್ಣ ಉರಿಯಲ್ಲಿ ಮೂರು ಗಂಟೆ ಇಡುತ್ತೇನೆ. ಕೊತಕೊತ ಕುದಿಸಿದರೆ ಸಾರು ಕದಡುತ್ತದೆ. ಥೈಮ್ ಸೊಪ್ಪಿನ ಬದಲಿಗೆ ಹಿತ್ತಲ ದೊಡ್ಡಪತ್ರೆಯ ಒಂದೇ ಒಂದು ಎಲೆ ಹಾಕುತ್ತೇನೆ. ಎರಡರ ಪರಿಮಳದಲ್ಲೂ ನೆಂಟಸ್ತಿಕೆ ಇದೆ. ಹತ್ತು ನಿಮಿಷಕ್ಕೆ ಎಲೆ ತೆಗೆಯದಿದ್ದರೆ ಸೂಪು ಶೀತದ ಕಷಾಯವಾಗುತ್ತದೆ.

ಮೇಲಿನ ಬ್ರೆಡ್ಡು ನಿಜವಾದ ತೊಂದರೆ. ನಮ್ಮ ಬೇಕರಿಗಳ ಬ್ರೆಡ್ಡಿನಲ್ಲಿ ಸಕ್ಕರೆ ಇರುತ್ತದೆ. ಚೀಸ್ ಕರಗುವ ಮೊದಲೇ ಅದು ಸುಡುತ್ತದೆ, ಸೂಪಿಗೆ ತಾಗಿದ ಕೂಡಲೇ ಹಿಟ್ಟಾಗುತ್ತದೆ. ಸಕ್ಕರೆ ಕಮ್ಮಿಯ ಪಾವ್ ಸಿಕ್ಕಿದರೆ ಎರಡು ಸೆಂ.ಮೀ. ದಪ್ಪಕ್ಕೆ ಕೊಯ್ದು, ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ರಸ್ಕಿನಷ್ಟು ಗಟ್ಟಿ ಮಾಡಿಕೊಳ್ಳಿ. ಗ್ರುಯೇರ್ ಚೀಸಿನ ಬದಲಿಗೆ ಮೊಝರೆಲ್ಲಾ 100 ಗ್ರಾಂ ಮತ್ತು ಮಾಗಿದ ಚೆಡ್ಡಾರ್ 60 ಗ್ರಾಂ ಬೆರೆಸುತ್ತೇನೆ. ಎಳೆ ಮೊದಲನೆಯದರದ್ದು, ರುಚಿ ಎರಡನೆಯದರದ್ದು. ಡಬ್ಬಿಯ ಪ್ರೊಸೆಸ್ಡ್ ಚೀಸ್ ಬೇಡ, ಅದು ಅಂಟಾಗುತ್ತದೆಯೇ ಹೊರತು ಎಳೆ ಬಿಡುವುದಿಲ್ಲ.

ಬಟ್ಟಲಿಗೆ ಸೂಪು ಸುರಿದು, ಮೇಲೆ ಬ್ರೆಡ್ಡು ಇಟ್ಟು, ಅದರ ಮೇಲೆ ಚೀಸ್ ಹರಡಿ. ಓಟಿಜಿ (ಸಣ್ಣ ಕರೆಂಟು ಓವನ್) ಇದ್ದರೆ ಮೇಲಿನ ಕಾಯಿಲ್ ಮಾತ್ರ ಉರಿಸಿ ಐದಾರು ನಿಮಿಷ. ಇಲ್ಲದವರಿಗೆ ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸುವ ಕಲತ್ತಪ್ಪದ ಉಪಾಯವೇ ಸಾಕು. ಬಟ್ಟಲುಗಳನ್ನು ಆಳದ ಪಾತ್ರೆಯೊಳಗೆ ಸ್ಟ್ಯಾಂಡಿನ ಮೇಲಿಟ್ಟು, ಮೊದಲೇ ಚೆನ್ನಾಗಿ ಕಾಯಿಸಿದ ಕಬ್ಬಿಣದ ಕಾವಲಿಯನ್ನು ಮುಚ್ಚಳವಾಗಿಸಿ, ಅದರ ಮೇಲೆ ಬೂದಿ ಹಿಡಿದ ಗೆರಟೆ ಕೆಂಡ ಹರಡಿ. ಚೀಸಿಗೂ ಕಾವಲಿಗೂ ನಡುವೆ ಎರಡು ಬೆರಳು ಅಂತರ ಸಾಕು. ಹೆಚ್ಚಾದರೆ ಕರಗುತ್ತದೆ, ಕೆಂಪಾಗುವುದಿಲ್ಲ. ಹೋಟೆಲಿನ ಅಡುಗೆಮನೆಗಳಲ್ಲಿ ಸಾಲಮಾಂಡರ್ ಎನ್ನುವ ಮೇಲುರಿಯ ಒಲೆ ಇರುತ್ತದಲ್ಲ, ಅದೂ ಹಿಂದೆ ಕಾಯಿಸಿ ತಿಂಡಿಯ ಮೇಲೆ ಹಿಡಿಯುವ ಕಬ್ಬಿಣದ ತಟ್ಟೆಯೇ ಆಗಿತ್ತು. ಗಾಜಿನ ಬಟ್ಟಲು ಮಾತ್ರ ಇಡಬೇಡಿ, ಒಡೆಯುತ್ತದೆ.

ಇನ್ನು ಪಚ್ಚಿಲೆ. ಚಂದ್ರಗಿರಿ ಹೊಳೆಯ ಈಚೆ ನಾವು ಪಚ್ಚಿಲೆ ಎನ್ನುವುದನ್ನು ಆಚೆಯವರು ಕಲ್ಲುಮ್ಮಕ್ಕಾಯಿ ಎನ್ನುತ್ತಾರೆ. ಜಿಲ್ಲೆಯ ತೆಂಕು ತುದಿಯಲ್ಲಿ, ಪಡನ್ನ-ಚೆರುವತ್ತೂರಿನ ಹಿನ್ನೀರಿನಲ್ಲಿ ಇದನ್ನು ಹಗ್ಗದಲ್ಲಿ ಬೆಳೆಸುತ್ತಾರೆ. ಬಂಡೆಗಳಿಂದ ಕಿತ್ತ ಮರಿಗಳನ್ನು ಹಗ್ಗಕ್ಕೆ ಹತ್ತಿಬಟ್ಟೆಯ ಬಲೆ ಸುತ್ತಿ ಕಟ್ಟುತ್ತಾರೆ. ಬಟ್ಟೆ ಕೊಳೆಯುವಷ್ಟರಲ್ಲಿ ಮರಿಗಳು ತಮ್ಮ ನೂಲಿನಿಂದ ಹಗ್ಗವನ್ನು ಹಿಡಿದಿರುತ್ತವೆ. ನವೆಂಬರ್-ಡಿಸೆಂಬರಿಗೆ ಕಟ್ಟಿದ್ದು ಏಪ್ರಿಲ್-ಮೇಯಲ್ಲಿ, ಮಳೆ ಬಿದ್ದು ಹೊಳೆ ಸಿಹಿಯಾಗುವ ಮೊದಲು ಕೊಯ್ಲು. ಹಾಗಾಗಿ ಈ ಊಟಕ್ಕೆ ನಮ್ಮಲ್ಲಿ ಬೇಸಗೆಯೇ ಕಾಲ. ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ಸೆಪ್ಟೆಂಬರಿನ ಸಂತೆಗೆ ಬೀದಿಯಲ್ಲಿ ಚಿಪ್ಪಿನ ಗುಡ್ಡೆ ಹಾಕುವಾಗ ನಾವು ಸುಮ್ಮನಿರಬೇಕು.

ಅವರದ್ದು ನಾಲ್ಕೈದು ಸೆಂ.ಮೀ. ಉದ್ದದ ನೀಲಿ ಜಾತಿ. ನಮ್ಮದು ಹಸುರು ಜಾತಿ, ಎಂಟು ಸೆಂ.ಮೀ. ಆಸುಪಾಸು ಬೆಳೆಯುತ್ತದೆ. ಆದ್ದರಿಂದ ಫ್ರೆಂಚ್ ಪುಸ್ತಕದ ಮೂರು ನಿಮಿಷ ಇಲ್ಲಿ ನಡೆಯುವುದಿಲ್ಲ. ಸಾಧ್ಯವಾದರೆ ಆರು ಸೆಂ.ಮೀ.ನವನ್ನೇ ಕೇಳಿ. ಚಿಪ್ಪು ಬಿಡಿಸಿದ ಮಾಂಸ ಕೊಳ್ಳಬೇಡಿ. ಹುರಿಯುವುದಕ್ಕೆ ಅದು ಸರಿ, ಇಲ್ಲಿ ನಮಗೆ ಬೇಕಾದದ್ದು ಚಿಪ್ಪಿನೊಳಗಿನ ಕಡಲ ನೀರು. ಒಳಗಿನ ಮಾಂಸ ಕೆಲವದರಲ್ಲಿ ಕಿತ್ತಳೆ, ಕೆಲವದರಲ್ಲಿ ಕೆನೆಬಿಳಿ ಇರುತ್ತದೆ. ಮೊದಲನೆಯದು ಹೆಣ್ಣು, ಎರಡನೆಯದು ಗಂಡು, ಯಾವುದೂ ಹಾಳಾದದ್ದಲ್ಲ.

ತಂದ ಕೂಡಲೇ ಬಕೆಟ್ ಬಾವಿನೀರಿನಲ್ಲಿ ಮುಳುಗಿಸುವುದು ದೊಡ್ಡ ತಪ್ಪು, ಸಿಹಿನೀರಿನಲ್ಲಿ ಅವು ಸಾಯುತ್ತವೆ. ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನ ಕೆಳತಟ್ಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಉಸಿರುಗಟ್ಟುತ್ತದೆ. ಅಡುಗೆಗೆ ಸ್ವಲ್ಪ ಮೊದಲು ಹರಿಯುವ ನೀರಿನಲ್ಲಿ ತೆಂಗಿನ ನಾರಿನಿಂದ ಉಜ್ಜಿ. ಬಾಯಿ ತೆರೆದದ್ದನ್ನು ಕಲ್ಲಿಗೆ ತಟ್ಟಿ ನೋಡಿ, ಮುಚ್ಚಿದರೆ ಜೀವ ಇದೆ, ಇಲ್ಲದಿದ್ದರೆ ಬಿಸಾಡಿ. ಗಡ್ಡವನ್ನು, ಅಂದರೆ ಚಿಪ್ಪಿನಿಂದ ಹೊರಗೆ ಕಾಣುವ ನೂಲನ್ನು, ಚಿಪ್ಪಿನ ಕೀಲಿನ ಕಡೆಗೆ ಎಳೆದು ತೆಗೆಯಬೇಕು, ಅದೂ ಒಲೆಗೇರಿಸುವ ಮುಂಚೆಯಷ್ಟೇ. ಬೆಳಿಗ್ಗೆಯೇ ತೆಗೆದಿಟ್ಟರೆ ಸಂಜೆಗೆ ಅರ್ಧ ಸತ್ತಿರುತ್ತವೆ. ಕಡಲಿನ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ, ಆದ್ದರಿಂದ ಚರಂಡಿ ಸೇರುವ ಕಡೆಯ ಅಥವಾ ಮೂಲ ತಿಳಿಯದ ಪಚ್ಚಿಲೆ ಬೇಡ.

ಎರಡು ಕಿಲೋ ಪಚ್ಚಿಲೆಗೆ ಬೆಣ್ಣೆ 80 ಗ್ರಾಂ, ಸಣ್ಣ ಸಾಂಬಾರ ನೀರುಳ್ಳಿ 150 ಗ್ರಾಂ, ಬೆಳ್ಳುಳ್ಳಿ ಐದು ಎಸಳು, ಸಿಹಿಯಿಲ್ಲದ ಬಿಳಿ ವೈನ್ 250 ಮಿ.ಲೀ., ಕಾಳುಮೆಣಸು. ಉಪ್ಪು ಇಲ್ಲವೇ ಇಲ್ಲ. ಅಂಗಡಿಯ ಉಪ್ಪು ಬೆಣ್ಣೆಯೂ ಬೇಡ, ಕಡಲ ನೀರಿನೊಂದಿಗೆ ಸೇರಿ ಬಾಯಿಗಿಡಲಾಗದಂತೆ ಮಾಡುತ್ತದೆ. ನಾಸಿಕದ ಸೋವಿನ್ಯೋಂ ಬ್ಲಾಂ ಅಥವಾ ಶೆನಾಂ ಬ್ಲಾಂ ಸಾಕು. ಹೇಗೂ ನೀರುಳ್ಳಿಯೂ ಅಲ್ಲಿಂದಲೇ ಬರುತ್ತದೆ. ಮನೆಯಲ್ಲಿ ಮಾಡುವ ಸಿಹಿ ದ್ರಾಕ್ಷಿ ವೈನು ಇದಕ್ಕಲ್ಲ. ಮದ್ಯ ಬೇಡದವರು ನಾಲ್ಕು ಬಿಂಬುಳಿ ಜಜ್ಜಿ 200 ಮಿ.ಲೀ. ನೀರಿನಲ್ಲಿ ಹಿಂಡಿ ಸೋಸಿಕೊಳ್ಳಲಿ. ವೈನಿನ ಪರಿಮಳ ಬಾರದು, ಹುಳಿ ಮಾತ್ರ ಹದವಾಗಿ ಕೂರುತ್ತದೆ.

ಅರ್ಧ ಬೆಣ್ಣೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಬಣ್ಣ ತಿರುಗದಂತೆ ಬಾಡಿಸಿ, ವೈನ್ ಸುರಿದು ಎರಡು ನಿಮಿಷ ಕುದಿಸಿ. ಉರಿ ಪೂರ್ತಿ ಮಾಡಿ ಪಚ್ಚಿಲೆ ಹಾಕಿ ಬಿಗಿಯಾಗಿ ಮುಚ್ಚಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ತುಂಬಿದರೆ ಅಡಿಯದ್ದು ರಬ್ಬರು, ಮೇಲಿನದು ಹಸಿ. ಎರಡು ನಿಮಿಷಕ್ಕೊಮ್ಮೆ ಪಾತ್ರೆ ಹಿಡಿದು ಕುಲುಕಿಸಿ. ನಾಲ್ಕನೇ ನಿಮಿಷಕ್ಕೆ ಬಾಯಿ ಬಿಟ್ಟವನ್ನು ಹೆಕ್ಕಿ ತೆಗೆಯಿರಿ, ಉಳಿದವಕ್ಕೆ ಇನ್ನೆರಡು ನಿಮಿಷ. ಆಮೇಲೂ ಬಾಯಿ ಬಿಡದವು ಕಸಕ್ಕೆ. ಉಳಿದ ರಸವನ್ನು ತಳದ ಮರಳು ಬಾರದಂತೆ ಬಟ್ಟೆಯಲ್ಲಿ ಸೋಸಿ, ತಣ್ಣನೆಯ ಉಳಿದ ಬೆಣ್ಣೆಯನ್ನು ಉರಿ ಆರಿಸಿದ ಮೇಲೆ ಕಲಸಿ. ತುಪ್ಪ ಹಾಕಿದರೆ ಮೇಲೆ ತೇಲುತ್ತದೆ, ಬೆಣ್ಣೆಯಂತೆ ರಸದೊಂದಿಗೆ ಕೂಡುವುದಿಲ್ಲ. ಪಾರ್ಸ್ಲಿ ಸೊಪ್ಪು ಸಿಗದಿದ್ದರೆ ಬಿಡಿ. ಕೊತ್ತಂಬರಿ ಹಾಕಿದ ಕೂಡಲೇ ಅದು ಬೇರೆ ಊರಿನ ಅಡುಗೆಯಾಗುತ್ತದೆ.

ಜೊತೆಗಿನ ಬಟಾಟೆ: ಒಂದು ಸೆಂ.ಮೀ. ಕಡ್ಡಿ, ಅರ್ಧ ಗಂಟೆ ನೀರಲ್ಲಿಟ್ಟು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. 150 ಡಿಗ್ರಿಯಲ್ಲಿ ಆರು ನಿಮಿಷ, ಆರಿದ ಮೇಲೆ 180ರಲ್ಲಿ ಎರಡು-ಮೂರು ನಿಮಿಷ. ಗಾಣದ ತೆಂಗಿನೆಣ್ಣೆ ಆ ಬಿಸಿಗೆ ಹೊಗೆಯಾಡುತ್ತದೆ, ತೌಡೆಣ್ಣೆ ಬಳಸಿ. ಫ್ರಿಜ್ಜಿನಲ್ಲಿಟ್ಟ ಬಟಾಟೆಯಲ್ಲಿ ಸಕ್ಕರೆ ಹೆಚ್ಚಿ ಬೇಗ ಕಪ್ಪಾಗುತ್ತದೆ. ಮೊದಲ ಕರಿಯುವಿಕೆ ಮಧ್ಯಾಹ್ನವೇ ಮುಗಿಸಿ, ಎರಡನೆಯದನ್ನು ಪಚ್ಚಿಲೆ ಮುಚ್ಚಿ ಮೂರು ನಿಮಿಷ ಆದಾಗ ಶುರು ಮಾಡಿದರೆ ಎರಡೂ ಒಟ್ಟಿಗೆ ತಯಾರು. ನಮ್ಮ ಗಾಳಿಯಲ್ಲಿ ಐದೇ ನಿಮಿಷಕ್ಕೆ ಫ್ರೈ ಮೆತ್ತಗಾಗುವುದರಿಂದ ಮೊದಲೇ ಕರಿದಿಡುವಂತಿಲ್ಲ.

ಬಾಳೆಲೆ ಊಟದಂತೆ ಎಲ್ಲ ಒಮ್ಮೆಗೇ ಬಡಿಸುವ ಕ್ರಮ ಇದಕ್ಕಿಲ್ಲ. ಸೂಪು ಮುಗಿದು ಬಟ್ಟಲು ಎತ್ತಿದ ಮೇಲೆಯೇ ಪಚ್ಚಿಲೆ ಒಲೆಗೆ. ಜನ ಕಾಯಬೇಕು, ಪಚ್ಚಿಲೆ ಕಾಯಬಾರದು. ಚಿಪ್ಪು ಹಾಕಲು ಖಾಲಿ ಬಟ್ಟಲು, ಕೈತೊಳೆಯಲು ಲಿಂಬೆ ಹಾಕಿದ ಬೆಚ್ಚನೆ ನೀರು ಮೇಜಿನಲ್ಲಿರಲಿ. ಮೊದಲು ತಿಂದ ಚಿಪ್ಪನ್ನೇ ಇಕ್ಕಳದಂತೆ ಹಿಡಿದು ಉಳಿದವನ್ನು ಕೀಳುವುದು ಅಲ್ಲಿನ ರೂಢಿ. ರಸ ಒರೆಸಿ ತಿನ್ನಲು ಫ್ರೆಂಚರು ಬ್ರೆಡ್ ಕೊಡುತ್ತಾರೆ. ನಮ್ಮ ಸಿಹಿ ಬ್ರೆಡ್ಡಿಗಿಂತ ನೀರುದೋಸೆ ಎಷ್ಟೋ ವಾಸಿ ಎಂಬುದು ನನ್ನ ಲೆಕ್ಕ.

ಕಸ್ಟರ್ಡನ್ನು ಹಿಂದಿನ ರಾತ್ರಿಯೇ ಮಾಡಿಡಬೇಕು. 100 ಗ್ರಾಂ ಸಕ್ಕರೆಗೆ ಎರಡು ಚಮಚ ನೀರು ಹಾಕಿ ಕಂದು ಪಾಕ ಮಾಡಿ ಅಚ್ಚಿನ ತಳಕ್ಕೆ ಸುರಿಯಿರಿ. ಪಾಕ ಕುದಿಯುವಾಗ ಚಮಚ ಆಡಿಸಿದರೆ ಹರಳುಗಟ್ಟುತ್ತದೆ, ಪಾತ್ರೆಯನ್ನು ಓಲಾಡಿಸಿದರೆ ಸಾಕು. ಅರ್ಧ ಲೀಟರ್ ಬೆಚ್ಚನೆ ಹಾಲು, ನಾಲ್ಕು ಮೊಟ್ಟೆ, 80 ಗ್ರಾಂ ಸಕ್ಕರೆ ನೊರೆ ಬಾರದಂತೆ ಕದಡಿ ಸೋಸಿ ಸುರಿದು, ಇಡ್ಲಿಯ ಅಟ್ಟಿನಳಗೆಯಲ್ಲಿ ಅತಿ ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹನಿ ಬಿದ್ದು ಮೇಲ್ಮೈ ಗುಳಿಬೀಳುತ್ತದೆ. ಮುಚ್ಚಳವನ್ನು ಒಂದು ಕಡ್ಡಿಯಷ್ಟು ಓರೆಯಾಗಿಯೂ ಇಡಿ. ಕಸ್ಟರ್ಡ್ 80-85 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ಪೂರ್ತಿ ಹಬೆ ಹೊಡೆದರೆ ಒಳಗೆಲ್ಲ ತೂತು ಬಿದ್ದು ಇಡ್ಲಿಯಂತಾಗುತ್ತದೆ. ಅಂಚು ಗಟ್ಟಿಯಾಗಿ ನಡು ಇನ್ನೂ ಅಲುಗುವಾಗ ಇಳಿಸಿ, ತಣಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಆ ಹೊತ್ತಿಗೆ ಗಟ್ಟಿ ಪಾಕ ಕಸ್ಟರ್ಡಿನ ನೀರಿಗೆ ಕರಗಿರುತ್ತದೆ. ಅಂಚಿಗೆ ಚಾಕು ಸುತ್ತಿ ತಟ್ಟೆಗೆ ಬೋರಲು ಹಾಕಿದರೆ ಕಸ್ಟರ್ಡ್ ಇಡಿಯಾಗಿ ಜಾರಿ ಬೀಳುತ್ತದೆ. ಅದೇ ದಿನ ಮಾಡಿ ಅದೇ ದಿನ ಬೋರಲು ಹಾಕಿದರೆ ಪಾಕದ ಅರ್ಧ ಪಾಲು ಅಚ್ಚಿನ ತಳದಲ್ಲೇ ಉಳಿಯುತ್ತದೆ.