ಅಮೆರಿಕದ ದಕ್ಷಿಣದಲ್ಲಿ ಮನೆ ಕೊಂಡಿರಾ? ಲಾನ್‌ಗೆ ಯಾವ ಹುಲ್ಲು ಅಂತ ನೋಡೋಣ

ಟೆಕ್ಸಾಸ್, ಜಾರ್ಜಿಯಾ, ಫ್ಲಾರಿಡಾ ಕಡೆಗೆ ಬಂದು ಹೊಸದಾಗಿ ಮನೆ ಕೊಂಡವರು ಮೊದಲ ಚಳಿಗಾಲದಲ್ಲಿ ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಲಾನ್ ಪೂರ್ತಿ ಸತ್ತು ಹೋಗಿದೆ, ಕಿತ್ತು ಹೊಸದು ಹಾಕಿಸಬೇಕಾ?’ ಬೇಡ. ಸತ್ತಿಲ್ಲ, ಮಲಗಿದೆ ಅಷ್ಟೆ. ಇಲ್ಲಿನ ಹುಲ್ಲುಗಳು ಬಿಸಿಲುಗಾಲದವು. 27ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದಾಗ ಜೋರಾಗಿ ಬೆಳೆಯುತ್ತವೆ, ಫ್ರಾಸ್ಟ್, ಅಂದರೆ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಚಳಿ, ಬಿದ್ದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತವೆ, ಮಣ್ಣಿನ ಬಿಸಿ 18 ಡಿಗ್ರಿ ಆಸುಪಾಸಿಗೆ ಬಂದಾಗ ಮತ್ತೆ ಚಿಗುರುತ್ತವೆ. ಮೇ ತಿಂಗಳ ತನಕ ಕಾಯಿರಿ. ಆಗಲೂ ಬೋಳಾಗಿ ಉಳಿದ ಜಾಗದ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಗಾಬರಿಯಲ್ಲಿ ಅಂಗಡಿಗೆ ಓಡಿ ‘ಸನ್ ಅಂಡ್ ಶೇಡ್’ ಅಂತ ಬರೆದಿರುವ ಬೀಜದ ಚೀಲ ತರಬೇಡಿ. ಒಳಗೆ ಯಾವ ಯಾವ ಬೀಜ ಇದೆ ಅಂತ ಲೇಬಲ್‌ನಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಓದಿ. ಫೆಸ್ಕ್ಯೂ, ರೈಗ್ರಾಸ್, ಕೆಂಟಕಿ ಬ್ಲೂಗ್ರಾಸ್ ಇದ್ದರೆ ಅದು ತಂಪು ಪ್ರದೇಶದ ಹುಲ್ಲು. ಮಾರ್ಚ್‌ನಲ್ಲಿ ಚೆನ್ನಾಗಿ ಹುಟ್ಟುತ್ತದೆ, ಹ್ಯೂಸ್ಟನ್‌ನ ಜುಲೈ ಬಿಸಿಲು ತಡೆಯುವುದಿಲ್ಲ. ನಾರ್ತ್ ಕ್ಯಾರೊಲೈನಾ, ಟೆನೆಸಿಯಂಥ ನಡುವಿನ ಪಟ್ಟಿಯಲ್ಲಿ ಎರಡೂ ಬಗೆ ನಡೆಯುತ್ತದೆ, ಅಲ್ಲಿನ ಲೆಕ್ಕವೇ ಬೇರೆ.

ಯಾವ ಹುಲ್ಲು ಅನ್ನೋದನ್ನು ಮುಕ್ಕಾಲು ಪಾಲು ಬಿಸಿಲೇ ತೀರ್ಮಾನ ಮಾಡುತ್ತದೆ. ಎಲ್ಲರೂ ಫೋಟೊ ನೋಡಿ, ಬಣ್ಣ ನೋಡಿ ಆರಿಸುತ್ತಾರೆ, ಎರಡು ವರ್ಷ ಆದ ಮೇಲೆ ಮರದ ಕೆಳಗೆ ಬರೀ ಮಣ್ಣು. ಮೇ ಅಥವಾ ಜೂನ್‌ನಲ್ಲಿ ಮೋಡವಿಲ್ಲದ ಒಂದು ದಿನ ಬೆಳಗ್ಗೆಯಿಂದ ಸಂಜೆ ತನಕ ಗಂಟೆಗೊಮ್ಮೆ ಕಿಟಕಿಯಿಂದ ನೋಡಿ, ಎಲ್ಲೆಲ್ಲಿ ನೇರ ಬಿಸಿಲಿದೆ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿ. ಈ ಲೆಕ್ಕವನ್ನು ಚಳಿಗಾಲದಲ್ಲಿ ಮಾಡಿದರೆ ಪ್ರಯೋಜನವಿಲ್ಲ, ಆಗ ಎಷ್ಟೋ ಮರದಲ್ಲಿ ಎಲೆಯೇ ಇರುವುದಿಲ್ಲ ಅಲ್ವಾ. ಮುಂದಿನ ಅಂಗಳ ಒಂದು ಥರ, ಹಿತ್ತಲು ಇನ್ನೊಂದು ಥರ ಬಂದರೆ ಎರಡು ಕಡೆ ಎರಡು ಹುಲ್ಲು ಹಾಕಬಹುದು, ಅದರಲ್ಲಿ ತಪ್ಪೇನಿಲ್ಲ.

ದಿನಕ್ಕೆ ಏಳೆಂಟು ಗಂಟೆ ಬಿಸಿಲಿದ್ದರೆ ಬರ್ಮುಡಾ. ಬರ್ಮುಡಾ ಅಂದರೆ ನಮ್ಮ ಗರಿಕೆಯೇ, ಅದೇ ಗಿಡ. ಗರಿಕೆ ಕಿತ್ತು ಸುಸ್ತಾದವರಿಗೆ ಅದರ ಗುಣ ಹೇಳಬೇಕಿಲ್ಲ. ನೆಲದ ಮೇಲೂ ಹಬ್ಬುತ್ತದೆ, ಒಳಗೂ ಹಬ್ಬುತ್ತದೆ. ಮಕ್ಕಳು ಓಡಾಡಿ ಸವೆಸಿದ ಜಾಗವನ್ನು ಬೇಗ ತುಂಬಿಕೊಳ್ಳುತ್ತದೆ, ಅದೇ ಹುರುಪಿನಲ್ಲಿ ಹೂವಿನ ಪಾತಿಗೂ ಪಕ್ಕದವರ ಲಾನ್‌ಗೂ ನುಗ್ಗುತ್ತದೆ. ಟಿಫ್‌ವೇ 419, ಟಿಫ್‌ಟಫ್ ಥರದ ತಳಿಗಳು ಗರಿಕೆಯನ್ನು ಅದರ ಆಫ್ರಿಕಾದ ನೆಂಟನ ಜೊತೆ ಕೂಡಿಸಿ ಮಾಡಿದವು. ಮೊಳೆಯುವ ಬೀಜ ಕಟ್ಟುವುದಿಲ್ಲ, ಆದ್ದರಿಂದ ಸಾಡ್ (ಬೇರು, ಮಣ್ಣು ಸಮೇತ ಚಾಪೆಯಂತೆ ಕತ್ತರಿಸಿ ಮಾರುವ ಹುಲ್ಲು) ಅಥವಾ ಬಳ್ಳಿಯ ತುಂಡೇ ತರಬೇಕು. ಗೊಬ್ಬರ ಜಾಸ್ತಿ ಕೇಳುತ್ತದೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಕತ್ತರಿಸಬೇಕು. ನೆರಳು ಬಂತು ಅಂದರೆ ಮಾತ್ರ ಸೋಲುತ್ತದೆ, ಎಷ್ಟು ಗೊಬ್ಬರ ಸುರಿದರೂ ಅಷ್ಟೇ.

ನೆರಳಿರುವ ಅಂಗಳಕ್ಕೆ ಸೇಂಟ್ ಅಗಸ್ಟೀನ್. ಅಗಲ ಎಲೆ, ದಪ್ಪ ಬಳ್ಳಿ, ನೆಲದ ಮೇಲಷ್ಟೇ ಹಬ್ಬುತ್ತದೆ. ಇದು ನೆರಳು ತಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಯಾವ ತಳಿ ಅಂತ ಕೇಳೋದು ಮರೆಯುತ್ತಾರೆ. 1973ರಲ್ಲಿ ಬಂದ ಫ್ಲೋರಾಟಾಮ್ ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಮಾತ್ರ ಆರು ಗಂಟೆ ಬಿಸಿಲು ಬೇಕು. ನೆರಳಿಗೆ ಸೆವಿಲ್ ಅಥವಾ ಪಾಲ್ಮೆಟೊ ಕೇಳಿ. ಚಳಿ ಸ್ವಲ್ಪ ಜಾಸ್ತಿ ಇರುವ ಕಡೆ ರಾಲೀ ತಳಿ ಮೇಲು. ಫ್ಲೋರಾಟಾಮ್ ಅನ್ನು ಮೂರೂವರೆ-ನಾಲ್ಕು ಇಂಚು ಎತ್ತರ ಬಿಟ್ಟು ಕತ್ತರಿಸಿ, ಬೋಳು ಮಾಡಬೇಡಿ. ಬಿಸಿಲು ಬೀಳುವ ಕಾಲುದಾರಿ ಪಕ್ಕ ಹಳದಿ ತೇಪೆ ಶುರುವಾಗಿ, ನೀರು ಹಾಕಿದರೂ ಅಗಲವಾಗುತ್ತಾ ಹೋದರೆ ಹುಲ್ಲಿನ ರಸ ಹೀರುವ ಚಿಂಚ್ ಬಗ್ ಅನ್ನೋ ಸಣ್ಣ ಕೀಟ ಇದೆಯಾ ಅಂತ ಬುಡ ಬಿಡಿಸಿ ನೋಡಿ.

ಎರಡರ ನಡುವೆ ಜೋಯ್ಸಿಯಾ. ನೋಡಲು ನನಗೆ ಇದೇ ಇಷ್ಟ. ದಟ್ಟವಾಗಿ ಬೆಳೆದು ಕಳೆಗೆ ಜಾಗ ಬಿಡುವುದಿಲ್ಲ, ಚಳಿಯನ್ನೂ ತಡೆಯುತ್ತದೆ, ಅರ್ಧ ದಿನದ ಬಿಸಿಲಿದ್ದರೂ ಕೆಲವು ತಳಿಗಳು ಸುಧಾರಿಸಿಕೊಳ್ಳುತ್ತವೆ. ಆದರೆ ಬಲು ನಿಧಾನ. ಸವೆದ ಜಾಗ ತುಂಬಲು ತಿಂಗಳುಗಟ್ಟಲೆ ಬೇಕು, ಹಾಗಾಗಿ ದಿನಾ ಫುಟ್‌ಬಾಲ್ ಆಡುವ ಮಕ್ಕಳಿದ್ದರೆ ಯೋಚನೆ ಮಾಡಿ.

ಸೆಂಟಿಪೀಡ್ ಅಂತ ಇನ್ನೊಂದಿದೆ, ಇಲ್ಲಿನವರು ಸೋಮಾರಿಗಳ ಹುಲ್ಲು ಅನ್ನುತ್ತಾರೆ. ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6. ಜಾರ್ಜಿಯಾ, ಕ್ಯಾರೊಲೈನಾಗಳ ಎಷ್ಟೋ ಕಡೆ ಸರಿಹೋಗುತ್ತದೆ, ಸುಣ್ಣದ ಅಂಶ ಜಾಸ್ತಿ ಇರುವ ಟೆಕ್ಸಾಸ್ ಮಣ್ಣಲ್ಲಿ ಹಳದಿಯಾಗಿಬಿಡುತ್ತದೆ. ಬಣ್ಣವೇ ತಿಳಿ ಹಸಿರು. ಕಡು ಹಸಿರು ಮಾಡ್ತೀನಿ ಅಂತ ಗೊಬ್ಬರ ಹಾಕುತ್ತಾ ಹೋದರೆ ಒಂದೆರಡು ವರ್ಷದಲ್ಲಿ ತೇಪೆ ತೇಪೆಯಾಗಿ ಸಾಯುತ್ತದೆ. ಫ್ಲಾರಿಡಾದ ಮರಳಿಗೆ ಬಹಿಯಾ, ಮಳೆ ಕಮ್ಮಿ ಇರುವ ಬಯಲಿಗೆ ಬಫಲೋ ಗ್ರಾಸ್. ಎರಡಕ್ಕೂ ಒಳ್ಳೆ ಬಿಸಿಲು ಬೇಕು.

ನಾಲ್ಕು ಗಂಟೆಯೂ ಬಿಸಿಲಿಲ್ಲದ ಜಾಗಕ್ಕೆ ಹುಲ್ಲಿನ ಆಸೆ ಬಿಡಿ. ಮಲ್ಚ್ (ಮರದ ತೊಗಟೆ, ಚೂರುಗಳ ಹೊದಿಕೆ) ಹಾಕಿ, ನೆರಳಿನ ಗಿಡ ನೆಡಿ, ಸುಮ್ನೆ ಪ್ರತಿ ವರ್ಷ ಸಾಡ್‌ಗೆ ದುಡ್ಡು ಸುರಿಯಬೇಡಿ.

ಮಣ್ಣು ಪರೀಕ್ಷೆಗೆ ನಿಮ್ಮ ಕೌಂಟಿಯ (ಜಿಲ್ಲೆ ಇದ್ದ ಹಾಗೆ) ಎಕ್ಸ್‌ಟೆನ್ಶನ್ ಆಫೀಸ್, ಅಂದರೆ ಕೃಷಿ-ತೋಟದ ಸಲಹೆ ಕೊಡುವ ಕಚೇರಿ, ಹಿಡಿಯಿರಿ. ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಟೆಕ್ಸಾಸ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ನಡೆಸುತ್ತದೆ. ಅಂಗಳದ ಹತ್ತಾರು ಕಡೆ ನಾಲ್ಕೈದು ಇಂಚು ಆಳದಿಂದ ಮಣ್ಣು ತೆಗೆದು, ಬೆರೆಸಿ ಕಳಿಸಿದರೆ ಪಿಎಚ್ ಎಷ್ಟು, ಏನು ಕೊರತೆ, ಸುಣ್ಣ ಹಾಕಬೇಕಾ ಅಂತ ಬರೆದು ಕಳಿಸುತ್ತಾರೆ. ಗುರುತು ಸಿಗದ ಹುಲ್ಲಿನ ಒಂದು ತುಂಡು ತೋರಿಸಿದರೆ ಹೆಸರೂ ಹೇಳುತ್ತಾರೆ. ಹೆಸರು ಗೊತ್ತಿಲ್ಲದೆ ಕಳೆ ಔಷಧಿ ಹೊಡೆಯಬೇಡಿ. ಸೇಂಟ್ ಅಗಸ್ಟೀನ್‌ಗೆ ಹೊಡೆಯುವ ಅಟ್ರಜಿನ್, ಹಸಿರಾಗಿರುವ ಬರ್ಮುಡಾಗೆ ಬಿದ್ದರೆ ಹಾನಿ. ಬರ್ಮುಡಾಗೆ ಹೊಡೆಯುವ 2,4-ಡಿ ಸೇಂಟ್ ಅಗಸ್ಟೀನ್ ಅನ್ನು ಸುಡಬಹುದು.

ಹಾಕಿಸಲು ಸರಿಯಾದ ಕಾಲ ವಸಂತದ ಕೊನೆಯಿಂದ ಬೇಸಿಗೆಯ ನಡುವಿನ ತನಕ. ಚಳಿ ಬರುವ ಮೊದಲು ಬೇರು ಇಳಿಯಬೇಕು. ಸಾಡ್ ಬಂದ ದಿನವೇ ಹಾಸಿ ಮುಗಿಸಿ, ಪೇರಿಸಿಟ್ಟರೆ ಒಳಗೊಳಗೇ ಕಾವು ಏರಿ ಹಾಳಾಗುತ್ತದೆ. ಮೊದಲ ಎರಡು ವಾರ ದಿನವೂ ನೀರು, ಆಮೇಲೆ ಮಳೆಯೂ ಸೇರಿ ವಾರಕ್ಕೆ ಒಂದು ಇಂಚು ಸಾಕು.

ಇಷ್ಟೆಲ್ಲ ತೀರ್ಮಾನ ಆದ ಮೇಲೂ ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಅಂತ ಒಂದಿದೆ. ಕೆಲವು ಬಡಾವಣೆಗಳಲ್ಲಿ ಯಾವ ಹುಲ್ಲು ಹಾಕಬಹುದು ಅಂತ ಪಟ್ಟಿಯೇ ಇರುತ್ತದೆ, ಬದಲಾಯಿಸುವ ಮೊದಲು ಅರ್ಜಿ ಕೊಡಬೇಕು. ಒಪ್ಪಿಗೆ ಕೈಗೆ ಸಿಗುವ ತನಕ ಸಾಡ್‌ಗೆ ಅಡ್ವಾನ್ಸ್ ಕೊಡಬೇಡಿ.